ಕಾಶ್ಮೀರದ ಶಾಲು

ಚಳಿಯನ್ನು ತಡೆಯತಕ್ಕ ಉಡುಪು ಒಂದು, ಚೆಲುವಿಗಾಗಿ ತೊಡತಕ್ಕ ಉಡುಪು ಇನ್ನೊಂದು ಎಂಬ ಭೇದವು ಶೀತಪ್ರದೇಶಗಳ ಜನಜೀವನದಲ್ಲಿ ಬಹುಕಾಲದಿಂದ ನಡೆದುಬಂದುದು. ಮೈಯನ್ನು ಬೆಚ್ಚಗಿರಿಸುವ ವಸ್ತ್ರವು ದಪ್ಪವಾಗಿಯೂ ಭಾರವಾಗಿಯೂ ಒರಟಾಗಿಯೂ ಇರುವುದು ಅನಿವಾರ್ಯ, ನೋಟಕ್ಕೆ ರಮ್ಯವಾದ ನವುರು ಬಟ್ಟೆಯು ಶೀತಕ್ಕೆ ಎದೆಯೊಡ್ಡಲಾರದು ಎಂಬುದು ಸಾಮಾನ್ಯವಾದ ತಿಳಿವಳಿಕೆ. ನಮ್ಮ ಬಯಲುಸೀಮೆಯ ಕುರಿಗಾಹಿಗಳು ಹೊದೆಯುವ ಕರಿಯ ಕಂಬಳಿಯಾಗಲಿ, ಉತ್ತರದೇಶಗಳ ತೊಗಲಿನ ನಿಲುವಂಗಿಯಾಗಲಿ, ಮೊದಲು ರಕ್ಷೆ, ಆಮೇಲೆ ಅಲಂಕಾರ ಎಂಬ ಈ ನಿಯಮಕ್ಕೆ ಒಳಪಟ್ಟವೇ. ಈ ವಿರೋಧವನ್ನು ಪರಿಹರಿಸಿ, ಅಂಗೈಯಲ್ಲಿ ತೂಗಿದರೆ ತೂಕವೇ ಇಲ್ಲವೆನಿಸುವಷ್ಟು ಲಘುವಾದ, ಹೊದ್ದರೆ ಮಾಘಮಾಸದ ಚಳಿಯನ್ನೂ ಹತ್ತಿರ ಬರಗೊಡದಷ್ಟು ಬೆಚ್ಚಗಾದ, ನೋಡಿದರೆ ಹೂದೋಟವನ್ನು ನೆನಪಿಗೆ ತರುವಷ್ಟು ವರ್ಣಮಯವಾದ ಒಂದು ವಸ್ತ್ರವನ್ನು ಲೋಕಕ್ಕೆ ಕೊಟ್ಟ ಕೀರ್ತಿ ಕಾಶ್ಮೀರದ ನೇಕಾರರಿಗೆ ಸಲ್ಲತಕ್ಕದ್ದು. ಆ ಶಾಲನ್ನು ಹೊದ್ದ ಚಕ್ರವರ್ತಿಗಳ ಚರಿತ್ರೆಯನ್ನು ಲೋಕವು ಚೆನ್ನಾಗಿಯೇ ಬಲ್ಲದು. ಅದನ್ನು ನೆಯ್ದವರ ಚರಿತ್ರೆಯನ್ನೂ ಅದರ ಜೊತೆಗಿಟ್ಟು ಓದಿದಲ್ಲದೆ ಆ ವಸ್ತ್ರದ ನಿಜವಾದ ಬೆಲೆ ನಮಗೆ ತಿಳಿಯದು.

ಶಾಲಿನ ಮೂಲವಿರುವುದು ಶ್ರೀನಗರದ ಮಗ್ಗಗಳಲ್ಲಲ್ಲ. ಅಲ್ಲಿಂದ ಎಷ್ಟೋ ದಿನಗಳ ಹಾದಿಯಾಚೆ, ಲಡಾಖಿನ ಪೂರ್ವಭಾಗದಿಂದ ಟಿಬೆಟ್ಟಿನವರೆಗೆ ಹಬ್ಬಿರುವ ಚಾಂಗ್‌ಥಾಂಗ್ ಎಂಬ ಪ್ರಸ್ಥಭೂಮಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 14,000 ಅಡಿಗಳಿಗೂ ಮೇಲಿರುವ ಆ ನಿರ್ವೃಕ್ಷವಾದ ಬಯಲಿನಲ್ಲಿ ಹೇಮಂತಶಿಶಿರಗಳ ಶೈತ್ಯವು ಶೂನ್ಯಕ್ಕಿಂತ 30 ಡಿಗ್ರಿಗಳಷ್ಟು ಕೆಳಗಿಳಿಯುವುದುಂಟು. ಅಲ್ಲಿ ಡೇರೆಗಳಲ್ಲಿ ವಾಸಿಸುತ್ತ, ಮೇವನ್ನರಸಿ ಸಂಚರಿಸುವ ಚಾಂಗ್‌ಪಾ ಜನರು ಸಾಕುವ ಮೇಕೆಗಳಿಗೆ, ಹೊರಗಣ ಒರಟು ರೋಮದ ಕೆಳಗೆ, ಚರ್ಮಕ್ಕೆ ಅಂಟಿದಂತೆ ಅತಿ ಸೂಕ್ಷ್ಮವಾದ ಇನ್ನೊಂದು ತುಪ್ಪುಳವನ್ನು ಪ್ರಕೃತಿಯು ಹೊದಿಸಿದೆ. ಇದೇ ಪಶ್ಮ. ಇದರ ಎಳೆಯ ದಪ್ಪವು ಸಾಮಾನ್ಯವಾಗಿ 12ರಿಂದ 15 ಮೈಕ್ರಾನು, ಎಂದರೆ ನಮ್ಮ ತಲೆಗೂದಲಿನ ದಪ್ಪದ ಐದನೆಯ ಒಂದು ಪಾಲಿನಷ್ಟು. ವಸಂತ ಬಂದು ಬಿಸಿಲೇರಿದಂತೆ ಪ್ರಾಣಿಯು ತಾನೇ ಉದುರಿಸಲು ತೊಡಗುವ ಈ ತುಪ್ಪುಳವನ್ನು ಬಾಚಣಿಗೆಯಿಂದ ಬಾಚಿ ತೆಗೆಯುವರು; ಒಂದು ಮೇಕೆಯಿಂದ ಒಂದು ವರ್ಷಕ್ಕೆ ದೊರೆಯುವುದು ಸುಮಾರು ಕಾಲು ಕಿಲೋಗ್ರಾಮು ಮಾತ್ರ, ಅದರಲ್ಲಿಯೂ ಒರಟುಗೂದಲನ್ನು ಆರಿಸಿ ತೆಗೆದ ಮೇಲೆ ಉಳಿಯುವುದು ಇನ್ನೂ ಸ್ವಲ್ಪ. ಚಳಿಯು ಕಡಿಮೆಯಾದ ತಗ್ಗುನಾಡುಗಳಿಗೆ ಆ ಮೇಕೆಯನ್ನು ಕೊಂಡೊಯ್ದು ಸಾಕಿದವರಿಗೆ ಈ ತುಪ್ಪುಳ ಮೊದಲಿನಂತೆ ದೊರೆಯಲಿಲ್ಲ. ಶೈತ್ಯದ ಅತ್ಯಂತ ಕಠೋರವಾದ ನೆಲೆಯಲ್ಲಿಯೇ ಅತ್ಯಂತ ಮೃದುವಾದ ರಕ್ಷೆಯು ಹುಟ್ಟುವುದೆಂಬ ಈ ಸಂಗತಿಯು ಸೃಷ್ಟಿಯ ವಿಸ್ಮಯಗಳಲ್ಲಿ ಒಂದು.

ಇಂಥ ಪದಾರ್ಥದ ಸಲುವಾಗಿ ರಾಜ್ಯಗಳು ಹೋರಾಡಿದುದರಲ್ಲಿ ಆಶ್ಚರ್ಯವಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಟಿಬೆಟ್ಟಿಗೂ ಲಡಾಖಿಗೂ ನಡೆದ ಯುದ್ಧದಲ್ಲಿ ಲಡಾಖಿನ ದೊರೆಯು ಕಾಶ್ಮೀರದ ಮೊಗಲ್ ಸೇನೆಯ ನೆರವನ್ನು ಬೇಡಿದನು. ಯುದ್ಧವು ಮುಗಿದು 1684ರಲ್ಲಿ ತಿಂಗ್‌ಮೋಸ್‌ಗಾಂಗಿನಲ್ಲಿ ಒಪ್ಪಂದವಾದಾಗ, ಪಶ್ಚಿಮ ಟಿಬೆಟ್ಟಿನ ಪಶ್ಮವು ಲಡಾಖಿಗಲ್ಲದೆ ಬೇರೆಡೆಗೆ ಹೋಗಕೂಡದೆಂದೂ, ಲಡಾಖಿನಿಂದ ಅದು ಕಾಶ್ಮೀರದ ವರ್ತಕರಿಗೇ ಸೇರತಕ್ಕದ್ದೆಂದೂ ನಿರ್ಣಯವಾಯಿತು. ಆ ದಿನದಿಂದ ಲೇಹ್ ಪಟ್ಟಣವು ಪಶ್ಮದ ಕಟ್ಟೆಯಾಯಿತು. ಚಾಂಗ್‌ಥಾಂಗಿನಿಂದ ಕುರಿಗಳ ಬೆನ್ನಿನ ಮೇಲೆಯೂ, ಲೇಹಿನಿಂದ ಕುದುರೆಗಳ ಮೇಲೆಯೂ ಹೇರಿಕೊಂಡು, ಜೋಜಿ ಕಣಿವೆಯನ್ನು ದಾಟಿ, ಝೀಲಮ್ ನದಿಯ ದಡದ ಶ್ರೀನಗರವನ್ನು ಈ ಸರಕು ಮುಟ್ಟುತ್ತಿತ್ತು. ಕಚ್ಚಾ ಪದಾರ್ಥದ ಮೇಲೆ ಹೀಗೆ ದೊರೆತ ಏಕಸ್ವಾಮ್ಯವು ಕಾಶ್ಮೀರದ ಶಾಲು ಅನ್ಯತ್ರ ಅಸಾಧ್ಯವಾಗುವುದಕ್ಕೆ ಒಂದು ಕಾರಣ. ಎರಡನೆಯ ಕಾರಣ ಅಲ್ಲಿನ ಕೈಗಳ ಕೌಶಲ.

ಆ ಕೌಶಲದ ಕ್ರಮವನ್ನು ವಿಸ್ತಾರವಾಗಿ ಬರೆದಿಟ್ಟವರಲ್ಲಿ ಪ್ರಮುಖನು ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಆಂಗ್ಲ ಪಶುವೈದ್ಯ. ಈಸ್ಟ್ ಇಂಡಿಯಾ ಕಂಪನಿಯ ಕುದುರೆಲಾಯಗಳ ಅಧಿಕಾರಿಯಾಗಿದ್ದ ಈತನು 1822ರಲ್ಲಿ ಶ್ರೀನಗರಕ್ಕೆ ಬಂದು ತಿಂಗಳುಗಟ್ಟಲೆ ನಿಂತು, ನೂಲುವವರ ಮನೆಗಳನ್ನೂ ಮಗ್ಗಗಳನ್ನೂ ಪರಿಶೀಲಿಸಿದನು. ಮನೆಗೆ ಬಂದ ಪಶ್ಮವನ್ನು ಸ್ತ್ರೀಯರು ಮೊದಲು ಕೈಯಿಂದ ಬಿಡಿಸಿ, ಒರಟುಗೂದಲನ್ನು ಎಳೆಎಳೆಯಾಗಿ ಬೇರ್ಪಡಿಸಿ, ನೆನೆಸಿ ಕುಟ್ಟಿದ ಅಕ್ಕಿಯ ಹಿಟ್ಟನ್ನು ಹಚ್ಚಿ ಉಜ್ಜುವರು. ಸಾಬೂನಿನಿಂದ ಒರಟಾಗುವ ತುಪ್ಪುಳವು ಹಿಟ್ಟಿನಿಂದ ಶುಭ್ರವೂ ಮೃದುವೂ ಆಗುವುದು. ಆಮೇಲೆ ಯೆಂದರ್ ಎಂಬ ರಾಟೆಯ ಮುಂದೆ ಕುಳಿತು, ಮುಂಜಾನೆಯಿಂದ ಮೊದಲುಗೊಂಡು ರಾತ್ರಿ ಬಹಳ ಹೊತ್ತಿನವರೆಗೆ ನೂಲುವರು. ಕಣ್ಣಿಗೆ ಕಂಡೂ ಕಾಣದಷ್ಟು ಸಪುರವಾದ ಆ ಎಳೆಯು ಯಂತ್ರದ ರಭಸವನ್ನು ತಾಳಲಾರದಾದ್ದರಿಂದ ಬೆರಳಿನ ಸ್ಪರ್ಶಜ್ಞಾನವೊಂದೇ ಅದಕ್ಕೆ ಆಧಾರ. ಶಾಲಿನ ಕೀರ್ತಿಯಲ್ಲಿ ಸ್ತ್ರೀಯರ ಹೆಸರು ಎಲ್ಲಿಯೂ ಕೇಳಿಬರುವುದಿಲ್ಲವಾದರೂ, ಆ ವಸ್ತ್ರದ ಸೌಕುಮಾರ್ಯವೆಂಬುದು ಮೊದಲು ಅವರ ಬೆರಳುಗಳ ಸೃಷ್ಟಿ; ಅವರಿಗೆ ಸಲ್ಲುತ್ತಿದ್ದ ಕೂಲಿಯಾದರೋ ಅತ್ಯಲ್ಪ.

ನೂಲು ಬಣ್ಣಗಾರರ ಕೈಯಿಂದ ಹಾದು ಮಗ್ಗಕ್ಕೆ ಬಂದ ಬಳಿಕ ನಡೆಯುವ ಕಾರ್ಯವು ನೇಯ್ಗೆಗಳಲ್ಲೆಲ್ಲ ಅಪೂರ್ವವಾದುದು. ಸಾಮಾನ್ಯ ಮಗ್ಗದಲ್ಲಿ ಒಂದು ಲಾಳಿಯು ಹೊಕ್ಕುನೂಲನ್ನು ಹೊತ್ತು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುವುದಷ್ಟೆ. ಕಾನಿ ಎಂದು ಹೆಸರಾದ ಈ ಚಿತ್ತಾರದ ಶಾಲಿನಲ್ಲಿ ಲಾಳಿಯೇ ಇಲ್ಲ. ಅದಕ್ಕೆ ಬದಲಾಗಿ ಒಂದೊಂದು ಬಣ್ಣದ ನೂಲನ್ನು ಸುತ್ತಿದ ಸಣ್ಣ ಸಣ್ಣ ಮರದ ಕಡ್ಡಿಗಳು ಹಾಸಿನ ನೂಲಿನಿಂದ ಸಾಲಾಗಿ ತೂಗುವುವು. ಒಂದು ಶಾಲಿಗೆ ನಾನೂರರಿಂದ ಸಾವಿರದ ಐನೂರರವರೆಗೆ ಇಂಥ ಕಡ್ಡಿಗಳು ಬೇಕಾಗುತ್ತಿದ್ದವೆಂದು ಮೂರ್‌ಕ್ರಾಫ್ಟ್ ಹೇಳುತ್ತಾನೆ. ನೇಕಾರನು ಯಾವ ಬಣ್ಣವನ್ನು ಎಷ್ಟು ಹಾಸಿನೆಳೆಗಳ ಅಡಿಯಲ್ಲಿ ತೂರಿಸಬೇಕೆಂಬುದನ್ನು ಸೂಚಿಸುವುದಕ್ಕಾಗಿ ತಾಲೀಮ್ ಎಂಬ ಸಂಕೇತಲಿಪಿಯೊಂದಿತ್ತು. ನಕ್ಕಾಶನು ಚಿತ್ರವನ್ನು ಬರೆಯುವನು. ವರ್ಣಜ್ಞನಾದ ತರಹ್‌ಗುರುವು ಆ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ, ಇಂತಿಷ್ಟು ಎಳೆ ಕೆಂಪು, ಇಂತಿಷ್ಟು ಹಳದಿ ಎಂದು ಕೂಗಿ ಹೇಳುವನು. ತಾಲೀಮ್‌ಗುರುವು ಅದನ್ನು ಸಂಕೇತಗಳಲ್ಲಿ ಬರೆದುಕೊಳ್ಳುವನು. ಮಗ್ಗದ ಮುಂದಣವರು ಆ ಬರಹವನ್ನು ಅನುಸರಿಸಿ ಕಡ್ಡಿಗಳನ್ನು ಆಡಿಸುವರು. ಬಟ್ಟೆಯ ಮುಖವು ನೆಲದತ್ತಲೇ ಇರುತ್ತಿದ್ದುದರಿಂದ ತಮ್ಮ ಕೈಯಲ್ಲಿ ಅರಳುತ್ತಿರುವ ಹೂವನ್ನು ನೆಯ್ಯುವಾಗ ಅವರು ಕಾಣುವಂತಿರಲಿಲ್ಲ. ಅತ್ಯುತ್ತಮವಾದ ಶಾಲಿನಲ್ಲಿ ಮೂವರು ಸೇರಿ ದಿನವೆಲ್ಲ ದುಡಿದರೂ ಕಾಲು ಅಂಗುಲದಷ್ಟೂ ನೇಯ್ಗೆಯು ಮುಂದುವರಿಯುತ್ತಿರಲಿಲ್ಲ. ಒಂದು ಶಾಲಿಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದುದೂ ಉಂಟು. ಕಾಲವನ್ನು ಉಳಿಸುವ ಸಲುವಾಗಿ ಒಂದೇ ಶಾಲಿನ ಭಾಗಗಳನ್ನು ಹಲವು ಮಗ್ಗಗಳಿಗೆ ಹಂಚಿ ನೆಯ್ಯಿಸಿದಾಗ, ಅವುಗಳನ್ನು ಕೂಡಿಸಿ ಹೊಲಿಯುತ್ತಿದ್ದ ರಫೂಗಾರನ ಸೂಜಿಯು ಎಷ್ಟು ನಿಪುಣವಾಗಿತ್ತೆಂದರೆ, ಹೊಲಿಗೆಯ ಜಾಡನ್ನು ಬಲ್ಲವರೂ ಹುಡುಕಬೇಕಾಗುತ್ತಿತ್ತು.

ಈ ವಿದ್ಯೆಯು ಕಾಶ್ಮೀರಕ್ಕೆ ಎಂದು ಬಂತೆಂಬ ವಿಷಯದಲ್ಲಿ ಐತಿಹ್ಯಗಳು ಹಲವು. ಹದಿನೈದನೆಯ ಶತಮಾನದಲ್ಲಿ ಆಳಿದ, ಕಲಾಪೋಷಕನೆಂದು ಪ್ರಸಿದ್ಧನಾದ ಸುಲ್ತಾನ ಜೈನುಲ್ ಅಬಿದೀನನು ಮಧ್ಯ ಏಷ್ಯದಿಂದ ನೇಕಾರರನ್ನು ಕರೆಸಿದನೆಂಬುದು ಅವುಗಳಲ್ಲಿ ಮುಖ್ಯವಾದುದು. ದೃಢವಾದ ಲಿಖಿತವು ದೊರೆಯುವುದು ಅಕ್ಬರನ ಕಾಲದಿಂದ. 1586ರಲ್ಲಿ ಕಾಶ್ಮೀರವನ್ನು ಗೆದ್ದುಕೊಂಡ ಆ ಚಕ್ರವರ್ತಿಗೆ ಶಾಲಿನ ಮೇಲೆ ಎಷ್ಟು ಪ್ರೀತಿಯೆಂದರೆ, ಅದಕ್ಕೆ ಪರಮನರಮ್ ಎಂಬ ಹೊಸ ಹೆಸರನ್ನೇ ಇಟ್ಟನೆಂದು ಅವನ ಮಂತ್ರಿಯಾದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಶಾಲುಗಳಿಗೆ ಹೊಸ ಹೊಸ ಬಣ್ಣಗಳನ್ನು ಕೊಡಿಸಿದುದು, ಎರಡು ಶಾಲುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಒಳಮೈ ಕಾಣದಂತೆ ಹೊದೆಯುವ ದುಶಾಲಿನ ಪದ್ಧತಿಯನ್ನು ಬಳಕೆಗೆ ತಂದುದು, ಲಾಹೋರಿನಲ್ಲಿಯೂ ಸಾವಿರಕ್ಕೆ ಮೇಲ್ಪಟ್ಟು ಕಾರ್ಖಾನೆಗಳು ನಡೆಯುವಂತೆ ಈ ಉದ್ಯಮಕ್ಕೆ ಪ್ರೋತ್ಸಾಹ ಕೊಟ್ಟುದು, ಇವೆಲ್ಲ ಆ ಗ್ರಂಥದಿಂದ ತಿಳಿಯುವ ಸಂಗತಿಗಳು. 1665ರಲ್ಲಿ ಔರಂಗಜೇಬನ ಪರಿವಾರದೊಡನೆ ಕಾಶ್ಮೀರಕ್ಕೆ ಬಂದ ಬರ್ನಿಯರ್ ಎಂಬ ಫ್ರೆಂಚ್ ವೈದ್ಯನು, ಪಾಟ್ನಾ, ಆಗ್ರಾ, ಲಾಹೋರುಗಳಲ್ಲಿ ಎಷ್ಟು ಪ್ರಯತ್ನಪಟ್ಟರೂ ಕಾಶ್ಮೀರದ ಶಾಲಿನ ಮೃದುತ್ವವು ಸಿದ್ಧಿಸಲಿಲ್ಲವೆಂದೂ, ಅದಕ್ಕೆ ಆ ದೇಶದ ನೀರಿನ ಗುಣವೇ ಕಾರಣವೆಂದು ಜನರು ಹೇಳುತ್ತಿದ್ದರೆಂದೂ ಬರೆದನು. ಚಳಿಗಾಲದಲ್ಲಿ ಸ್ತ್ರೀಪುರುಷರಿಬ್ಬರೂ ಅದನ್ನು ತಲೆಯ ಮೇಲಿನಿಂದ ಹೊದ್ದು, ಎಡಹೆಗಲ ಮೇಲಕ್ಕೆ ಹಾಯಿಸಿಕೊಳ್ಳುವ ರೀತಿಯನ್ನೂ ಅವನು ಗಮನಿಸಿದನು.

ಅಲಂಕಾರದ ಬೆಳವಣಿಗೆಯನ್ನು ನೋಡಿದರೆ ಒಂದು ಪುಷ್ಪದ ವಂಶಚರಿತ್ರೆಯನ್ನೇ ಓದಿದಂತಾಗುವುದು. ಮೊಗಲರ ಕಾಲದ ಶಾಲಿನ ಸೆರಗಿನಲ್ಲಿ, ವಿಶಾಲವಾದ ಬರಿಯ ನೆಲದ ಮೇಲೆ, ಬೇರುಸಹಿತವಾದ ಒಂಟಿ ಹೂಗಿಡವೊಂದು ಗಾಳಿಗೆ ಬಾಗಿದಂತೆ ನಿಂತಿರುವುದು. ಹದಿನೆಂಟನೆಯ ಶತಮಾನದಲ್ಲಿ ಗಿಡವು ಪೊದೆಯಾಗಿ ಕಲಶವೊಂದರಿಂದ ಹೊಮ್ಮುವುದು. ಹೂಗಳು ಒತ್ತೊತ್ತಾಗಿ ನೆರೆದು ತುದಿಯು ಒಂದು ಕಡೆಗೆ ವಾಲುವುದು. ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಪೊದೆಯ ಆಕಾರವೇ ಸ್ಥಿರವಾಗಿ, ಕೊಂಕಿದ ತುದಿಯ ಮಾವಿನಕಾಯಿಯ ರೂಪವನ್ನು ತಾಳಿ, ಕೊನೆಗೆ ಶಾಲಿನ ಮೈಯನ್ನೆಲ್ಲ ವ್ಯಾಪಿಸಿತು. ನಮ್ಮ ಸೀರೆಗಳ ಅಂಚಿನಲ್ಲಿ ಇಂದಿಗೂ ಹೆಂಗಸರು ಮೆಚ್ಚಿ ಕೊಳ್ಳುವ ಮಾವಿನಕಾಯಿಯ ಚಿತ್ತಾರವು ಇದರ ಹತ್ತಿರದ ನಂಟ.

ಯೂರೋಪಿನಲ್ಲಿ ಶಾಲಿಗೆ ಒದಗಿದ ಮರ್ಯಾದೆಗೆ ಒಂದು ವಿಶೇಷವಾದ ಕಾರಣವುಂಟು. ಫ್ರಾನ್ಸಿನ ಮಹಾಕ್ರಾಂತಿಯ ತರುವಾಯ ಅಲ್ಲಿನ ಸ್ತ್ರೀಯರು ಪ್ರಾಚೀನ ಗ್ರೀಕರ ಪ್ರತಿಮೆಗಳನ್ನು ಆದರ್ಶವಾಗಿಟ್ಟುಕೊಂಡು, ಹಿಂದಣ ಭಾರವಾದ ಉಡುಪುಗಳನ್ನು ತ್ಯಜಿಸಿ, ತೆಳುವಾದ ಬಿಳಿಯ ಮಸ್ಲಿನ್ ಬಟ್ಟೆಯ ನಿಲುವಂಗಿಗಳನ್ನು ತೊಡತೊಡಗಿದ್ದರು. ಆ ದೇಶದ ಚಳಿಗೆ ಆ ಉಡುಪು ಸ್ವಲ್ಪವೂ ಹೊಂದದು. ಅದರ ಮೇಲೆ ದಪ್ಪನೆಯ ಹೊದಿಕೆಯನ್ನು ಹಾಕಿದರೆ ಅದರ ರೇಖಾಸೌಂದರ್ಯವೆಲ್ಲ ಅಡಗಿಹೋಗುವುದು. ಇಂಥ ಸಮಯದಲ್ಲಿ, 1798ರಲ್ಲಿ ನೆಪೋಲಿಯನ್ನನು ನಡೆಸಿದ ಈಜಿಪ್ಟಿನ ದಂಡಯಾತ್ರೆಯಿಂದ ಹಿಂದಿರುಗಿದ ಸೇನಾಧಿಕಾರಿಗಳು ಕಾಶ್ಮೀರದ ಶಾಲುಗಳನ್ನು ಕಾಣಿಕೆಯಾಗಿ ತಂದರು. ಮೈಯ ನಿಲುವಿಗೆ ಅಡ್ಡಬಾರದೆ ಜಾರಿ ಇಳಿಯುವ, ಆದರೂ ಮೈಯನ್ನು ಬೆಚ್ಚಗಿರಿಸುವ ಈ ವಸ್ತ್ರವು ಆ ಕಾಲದ ಅಭಿರುಚಿಗೂ ಆ ದೇಶದ ಹವೆಗೂ ಏಕಕಾಲದಲ್ಲಿ ಒಗ್ಗಿತು. ಸಾಮ್ರಾಜ್ಞಿ ಜೋಸೆಫೀನಳು ಶಾಲುಗಳ ದೊಡ್ಡ ಸಂಗ್ರಹವನ್ನೇ ಮಾಡಿದಳು. ಗ್ರೋ ಎಂಬ ಚಿತ್ರಕಾರನು ಬರೆದ ಅವಳ ಭಾವಚಿತ್ರವೊಂದರಲ್ಲಿ ಶಾಲಿನಿಂದಲೇ ಹೊಲಿಸಿದ ನಿಲುವಂಗಿಯನ್ನು ತೊಟ್ಟು, ಅದರ ಮೇಲೆ ಇನ್ನೊಂದು ಕೆಂಪು ಶಾಲನ್ನು ಹಾಯಿಸಿಕೊಂಡು ಆಕೆ ನಿಂತಿದ್ದಾಳೆ.

ಬೇಡಿಕೆಯು ಹೆಚ್ಚಿದಂತೆ ಅನುಕರಣವೂ ಹೆಚ್ಚಿತು. ಫ್ರಾನ್ಸಿನ ಲಿಯೋನ್, ಇಂಗ್ಲೆಂಡಿನ ನಾರಿಚ್, ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಪೇಸ್ಲಿ ಪಟ್ಟಣಗಳಲ್ಲಿ ಕಾಶ್ಮೀರದ ಮಾದರಿಯ ಶಾಲುಗಳು ತಯಾರಾದುವು. ತೂತುಗಳುಳ್ಳ ರಟ್ಟುಗಳಿಂದ ಚಿತ್ತಾರವನ್ನು ನಿಯಂತ್ರಿಸುವ ಜಕಾರ್ಡ್ ಮಗ್ಗವು ಬಳಕೆಗೆ ಬಂದ ಮೇಲೆ, ಶ್ರೀನಗರದಲ್ಲಿ ತಿಂಗಳುಗಳು ಹಿಡಿಯುತ್ತಿದ್ದ ಕಾರ್ಯವು ಅಲ್ಲಿ ದಿನಗಳಲ್ಲಿ ಮುಗಿಯಿತು. ಟೆರ್ನೋ ಎಂಬ ಫ್ರೆಂಚ್ ಉದ್ಯಮಿಯು 1819ರ ಸುಮಾರಿಗೆ ಮೇಕೆಗಳನ್ನೇ ತರಿಸಿ ಸಾಕಲು ಯತ್ನಿಸಿದನು. ಆ ಯತ್ನವು ಹೆಚ್ಚು ಕಾಲ ನಿಲ್ಲಲಿಲ್ಲ. ಪೇಸ್ಲಿಯ ಸರಕಾದರೋ ಎಷ್ಟು ಹರಡಿತೆಂದರೆ, ಕಾಶ್ಮೀರದ ನಕ್ಕಾಶರು ತಲೆಮಾರುಗಳಿಂದ ರೂಪಿಸಿದ ಆ ಮಾವಿನಕಾಯಿಯ ಚಿತ್ತಾರಕ್ಕೆ ಪಶ್ಚಿಮದ ಜನರು ಇಂದಿಗೂ ಆ ಸ್ಕಾಟಿಷ್ ಪಟ್ಟಣದ ಹೆಸರನ್ನೇ ಹೇಳುತ್ತಾರೆ.

ಇತ್ತ ಶಾಲಿನ ಕೀರ್ತಿಯು ದಿಗಂತಗಳನ್ನು ಮುಟ್ಟುತ್ತಿದ್ದ ಕಾಲದಲ್ಲಿ ಅದನ್ನು ನೆಯ್ದವರ ಸ್ಥಿತಿ ಏನಾಗಿತ್ತು? ಕಾಶ್ಮೀರದ ಸಾಮಾನ್ಯ ಜನರು ಚಳಿಯನ್ನೆದುರಿಸುತ್ತಿದ್ದುದು ಪಶ್ಮದಿಂದಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಾಲ ನಡೆಯುವ ಚಿಲ್ಲಾ-ಇ-ಕಲಾನ್ ಎಂಬ ಘೋರಶೀತದ ಅವಧಿಯಲ್ಲಿ, ಸರೋವರಗಳ ನೀರು ಹೆಪ್ಪುಗಟ್ಟುವಾಗ, ಅವರಿಗೆ ಆಶ್ರಯವಾಗಿದ್ದುದು ಒರಟು ಉಣ್ಣೆಯ ಫೆರನ್ ಎಂಬ ಸಡಿಲವಾದ ಉದ್ದನೆಯ ಅಂಗಿ, ಅದರೊಳಗೆ ಹತ್ತಿಬಟ್ಟೆಯ ಒಳಂಗಿ, ಅದರೊಳಗೆ ಎರಡು ಕೈಗಳಿಂದ ಹಿಡಿದುಕೊಂಡ ಕಾಂಗ್ರಿ. ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆಯನ್ನು ಕೂರಿಸಿ, ಚಿನಾರ್ ಎಲೆಗಳ ಇದ್ದಿಲಿನ ಕೆಂಡವನ್ನು ತುಂಬಿದ ಈ ಪುಟ್ಟ ಅಗ್ಗಿಷ್ಟಿಕೆಯನ್ನು ಅವರು ನಡೆಯುವಾಗಲೂ ಕುಳಿತಾಗಲೂ ಎದೆಗವಚಿಕೊಂಡಿರುವರು. ಇದರಲ್ಲಿಯೂ ಸೌಂದರ್ಯದೃಷ್ಟಿಗೆ ಕೊರತೆಯಿಲ್ಲ. ಫೆರನ್ನಿನ ಕೊರಳಿಗೆ ತಿಲ್ಲಾ ಎಂಬ ಜರತಾರಿಯ ಕಸೂತಿಯನ್ನೂ, ಕಾಂಗ್ರಿಯ ಹೆಣಿಗೆಗೆ ಬಣ್ಣಬಣ್ಣದ ಕಡ್ಡಿಗಳನ್ನೂ ಸೇರಿಸಿ ತಮ್ಮ ಅವಶ್ಯಕತೆಯನ್ನೇ ಅವರು ಅಲಂಕಾರವನ್ನಾಗಿ ಮಾಡಿಕೊಂಡರು. ಆದರೆ ಲೋಕವನ್ನೆಲ್ಲ ಬೆಚ್ಚಗಿರಿಸಿದ ಶಾಲು ಅದನ್ನು ನೆಯ್ದವನ ಹೆಗಲಿಗೆ ಬಂದುದು ವಿರಳ.

ಅವನ ಪಾಲಿಗೆ ಬಂದುದು ತೆರಿಗೆ. 1753ರಿಂದ ಆಫ್ಘನರೂ, 1819ರಿಂದ ಸಿಖ್ಖರೂ, 1846ರಿಂದ ಡೋಗ್ರಾ ಅರಸರೂ ಕಾಶ್ಮೀರವನ್ನಾಳಿದರು; ದೊರೆಗಳು ಬದಲಾದರೂ ದಾಗ್-ಶಾಲ್ ಎಂಬ ಇಲಾಖೆಯು ಬದಲಾಗಲಿಲ್ಲ. ಆಫ್ಘನರ ಕಾಲದಲ್ಲಿ ಹುಟ್ಟಿದ ಈ ವ್ಯವಸ್ಥೆಯಂತೆ ಪ್ರತಿಯೊಂದು ಶಾಲಿಗೂ ಸರಕಾರದ ಮುದ್ರೆ ಬೀಳಬೇಕು, ಮುದ್ರೆಗೆ ಸುಂಕ ತೆರಬೇಕು. ಮೂರ್‌ಕ್ರಾಫ್ಟನ ಕಾಲಕ್ಕೆ ಆ ಸುಂಕವು ಬೆಲೆಯ ಕಾಲುಭಾಗವನ್ನು ಮುಟ್ಟಿತ್ತು. ಈ ಭಾರದಿಂದ ಪಾರಾಗುವ ಉಪಾಯವಾಗಿಯೇ, ಚಿತ್ತಾರವನ್ನು ಮಗ್ಗದಲ್ಲಿ ನೆಯ್ಯುವ ಬದಲು ಸಾದಾ ಶಾಲಿನ ಮೇಲೆ ಸೂಜಿಯಿಂದ ತುಂಬುವ ಅಮ್ಲಿ ಕಸೂತಿಯು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ರಬಲವಾಯಿತೆಂದು ಹೇಳುವರು. 1846ರ ಮಾರ್ಚ್ 16ರಂದು ಅಮೃತಸರದಲ್ಲಿ ನಡೆದ ಕರಾರಿನಂತೆ ಬ್ರಿಟಿಷರು 75 ಲಕ್ಷ ರೂಪಾಯಿಗಳಿಗೆ ಕಾಶ್ಮೀರವನ್ನು ಗುಲಾಬಸಿಂಗನಿಗೆ ಒಪ್ಪಿಸಿದಾಗ, ಅವನು ವರ್ಷಕ್ಕೊಮ್ಮೆ ಒಪ್ಪಿಸತಕ್ಕ ಕಪ್ಪದಲ್ಲಿ ಒಂದು ಕುದುರೆ, ಹನ್ನೆರಡು ಶಾಲುಮೇಕೆಗಳು, ಮೂರು ಜೊತೆ ಕಾಶ್ಮೀರಿ ಶಾಲುಗಳು ಸೇರಿದ್ದುವು. ಒಂದು ನಾಡಿನ ಕೈಗಾರಿಕೆಯು ಅದರ ಅಧೀನತೆಯ ಗುರುತಾಗಿ ದಾಖಲೆಯಲ್ಲಿ ಸೇರಿದುದು ಹೀಗೆ.

ನೇಕಾರನು ಸಾಲದಲ್ಲಿ ಸಿಕ್ಕಿ ಕಾರ್ಖಾನೆದಾರನಿಗೆ ಬದ್ಧನಾಗಿರುತ್ತಿದ್ದನು; ವೃತ್ತಿಯನ್ನು ಬಿಡುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಅನೇಕರು ರಾತ್ರೋರಾತ್ರಿ ಮಲೆಗಳನ್ನು ದಾಟಿ ಪಂಜಾಬಿಗೆ ಓಡಿದರು. ಅಮೃತಸರ, ಲೂಧಿಯಾನಾ, ನೂರ್‌ಪುರಗಳಲ್ಲಿ ಕಾಶ್ಮೀರಿ ನೇಕಾರರ ಕೇರಿಗಳು ಬೆಳೆದುದು ಇಂಥ ವಲಸೆಗಳಿಂದ. ಉಳಿದವರು 1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್‌ಡಗರ್ ಮೈದಾನದಲ್ಲಿ ಸೇರಿ, ತೆರಿಗೆಯ ವಿರುದ್ಧ ಮೆರವಣಿಗೆ ಹೊರಟರು. ಸೈನಿಕರು ಅವರನ್ನು ಸುತ್ತುಗಟ್ಟಿ ನೂಕಿದಾಗ ಹಲವರು ಪಕ್ಕದ ಕೆಸರುನೀರಿನಲ್ಲಿ ಮುಳುಗಿ ಪ್ರಾಣಬಿಟ್ಟರು. ಸತ್ತವರು 28 ಮಂದಿಯೆಂದು ಕಾಶ್ಮೀರದ ಜನರು ಸ್ಮರಿಸುತ್ತಾರೆ. ನಮ್ಮ ದೇಶದಲ್ಲಿ ಕೈಕಸಬಿನವರು ಕೂಡಿ ನಿಂತು ನ್ಯಾಯ ಕೇಳಿದ ಪ್ರಾಚೀನ ಸಂದರ್ಭಗಳಲ್ಲಿ ಇದೊಂದಾಗಿದ್ದರೂ, ವಸ್ತ್ರಗಳ ಚರಿತ್ರೆಯನ್ನು ಹೇಳುವ ಪುಸ್ತಕಗಳು ಇದನ್ನು ಒಂದೆರಡು ಸಾಲುಗಳಲ್ಲಿ ಮುಗಿಸುವುದು ಖೇದಕರ.

ಈ ನೋವು ಮಾಯುವ ಮೊದಲೇ ಮಾರುಕಟ್ಟೆಯೂ ಕುಸಿಯಿತು. 1870-71ರಲ್ಲಿ ಫ್ರಾನ್ಸಿಗೂ ಪ್ರಶ್ಯಕ್ಕೂ ನಡೆದ ಯುದ್ಧದಲ್ಲಿ ಫ್ರಾನ್ಸ್ ಸೋತು, ಶಾಲಿನ ಮುಖ್ಯ ಗಿರಾಕಿಗಳೇ ಇಲ್ಲದಂತಾದರು. ಅದೇ ಕಾಲಕ್ಕೆ, ಹಿಂಬದಿಯಲ್ಲಿ ಉಬ್ಬಿದ ಲಂಗದ ಹೊಸ ರೀತಿಯು ಬಂದು, ಮೇಲಿನಿಂದ ಇಳಿಬೀಳುವ ಶಾಲಿಗೆ ಎಡೆಯಿಲ್ಲವಾಯಿತು. 1877ರಿಂದ 79ರವರೆಗಿನ ಭಯಂಕರ ಕ್ಷಾಮವು ಅಳಿದುಳಿದ ನೇಕಾರರಲ್ಲಿ ಬಹುಮಂದಿಯನ್ನು ಬಲಿ ತೆಗೆದುಕೊಂಡಿತು. ಬದುಕಿದವರು ರತ್ನಗಂಬಳಿಯ ಮಗ್ಗಗಳನ್ನು ಸೇರಿದರು. ಶಾಲಿಗಾಗಿ ಹುಟ್ಟಿದ ತಾಲೀಮ್ ಲಿಪಿಯು ಅಲ್ಲಿ ಉಳಿದುಕೊಂಡಿತು. ಕಾನಿ ನೇಯ್ಗೆಯು ಕಾನಿಹಾಮ ಮೊದಲಾದ ಕೆಲವೇ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಪುನಃ ಚೇತರಿಸಿಕೊಂಡಿತು.

ಕನ್ನಡನಾಡು ಚಳಿಯ ನಾಡಲ್ಲವಾದರೂ ಶಾಲು ಇಲ್ಲಿಗೆ ಗೌರವದ ಹೊದಿಕೆಯಾಗಿ ಬಂದಿತು. ಮೊಗಲರ ದರ್ಬಾರಿನಲ್ಲಿ ಮಾನ್ಯರಿಗೆ ಉಡುಪನ್ನು ಉಡುಗೊರೆಯಾಗಿ ಕೊಡುತ್ತಿದ್ದ ಖಿಲ್ಲತ್ತಿನ ಸಂಪ್ರದಾಯವು ದೇಶದ ಸಂಸ್ಥಾನಗಳಿಗೆಲ್ಲ ಹರಡಿತಷ್ಟೆ. ಮೈಸೂರಿನ ಆಸ್ಥಾನದಲ್ಲಿ ವಿದ್ವಾಂಸರಿಗೂ ಸಂಗೀತಗಾರರಿಗೂ ಜೋಡಿ ಶಾಲುಗಳನ್ನು ಹೊದಿಸುತ್ತಿದ್ದರು; ಇಂದಿಗೂ ಊರ ಶಾಲೆಯ ಮೇಷ್ಟರ ನಿವೃತ್ತಿಯ ದಿನದಿಂದ ಹಿಡಿದು ಸಾಹಿತ್ಯಸಮ್ಮೇಳನದ ವೇದಿಕೆಯವರೆಗೆ ಶಾಲು, ಹಾರ, ಫಲತಾಂಬೂಲಗಳಿಲ್ಲದೆ ಸನ್ಮಾನವೆಂಬುದಿಲ್ಲ. ಮೈಗೆ ಬೇಕಾದ ಶಾಖವನ್ನು ಕೊಡುವುದಕ್ಕಾಗಿ ಹುಟ್ಟಿದ ವಸ್ತ್ರವು ಶಾಖದ ಅಗತ್ಯವೇ ಇಲ್ಲದ ನಾಡಿನಲ್ಲಿ ಆದರದ ಕುರುಹಾಗಿ ನೆಲಸಿದುದು, ಮನುಷ್ಯನಿಗೆ ಉಡುಪು ದೇಹರಕ್ಷಣೆಗೆ ಮೀರಿದ ಒಂದು ಭಾಷೆಯೂ ಹೌದೆಂಬುದಕ್ಕೆ ಸಾಕ್ಷಿ.

ಕೈಯಿಂದ ನೂತು, ಕೈಮಗ್ಗದಲ್ಲಿ ನೆಯ್ದ ಕಾಶ್ಮೀರದ ಪಶ್ಮೀನಾ ಎಂಬ ಪಶ್ಮದ ವಸ್ತ್ರಕ್ಕೆ 2008ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. ಚಿರು ಎಂಬ ಕಾಡುಮೃಗವನ್ನು ಕೊಂದೇ ತೆಗೆಯಬೇಕಾದ ತುಪ್ಪುಳದ ಶಾಹ್‌ತೂಸ್ ಶಾಲಿನ ಉತ್ಪಾದನೆಯು ಕಾಶ್ಮೀರದಲ್ಲಿಯೂ 2002ರಲ್ಲಿ ನಿಷಿದ್ಧವಾದುದು ಧರ್ಮಸಮ್ಮತವೇ. ಆದರೆ ಕಾನೂನಿನ ಮುದ್ರೆಯೊಂದರಿಂದಲೇ ಕಲೆಯು ಬದುಕುವುದಾಗಿದ್ದರೆ ದಾಗ್-ಶಾಲ್ ಇಲಾಖೆಯ ಕಾಲದಲ್ಲಿ ಅದು ಸೊರಗಬೇಕಾಗಿರಲಿಲ್ಲ. ಯಂತ್ರದ ನೂಲನ್ನು ಬೆರೆಸಿದ ಶಾಲು ಪಶ್ಮೀನಾದ ಹೆಸರಿನಲ್ಲಿ ಪೇಟೆಯನ್ನು ತುಂಬಿರುವಾಗ, ರಾಟೆಯ ಮುಂದಣ ಸ್ತ್ರೀಗೂ ಮಗ್ಗದ ಹಿಂದಣ ಪುರುಷನಿಗೂ ಅವರ ವರ್ಷಗಳ ದುಡಿಮೆಗೆ ತಕ್ಕ ಪ್ರತಿಫಲವು ದೊರೆಯದಿದ್ದರೆ, ಅವರ ಮಕ್ಕಳು ಆ ವಿದ್ಯೆಯನ್ನು ಕಲಿಯಬೇಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಚಳಿಗಾಗಿ ಶಾಲನ್ನು ಕೊಳ್ಳುವವರೂ, ಮಾನ್ಯರ ಹೆಗಲಿಗೆ ಅದನ್ನು ಹೊದಿಸುವವರೂ, ಅದನ್ನು ನೂತವರಾರು, ನೆಯ್ದವರಾರು, ಅವರ ಕೈಗೆ ಸೇರಿದುದೆಷ್ಟು ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಮೊದಲು ಕೇಳಲಿ. ಅಕ್ಬರನ ಕಾಲದಿಂದಲೂ ಹೊದ್ದವರು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ನಾವು ಕೇಳುವುದರಿಂದಲೇ ಈ ವಿದ್ಯೆಯು ಇನ್ನೊಂದು ತಲೆಮಾರನ್ನು ಕಂಡೀತು.